ಪೆಟ್ಟಿಗೆಗೆ ಓಣಿ ತೋರಿಸಿದ ಯಮನೂರ

ಕೂತವರು ಇನ್ನೊಂದಿಷ್ಟು ಹತ್ತಿರ ಸರಿದು ಕೂಡ್ರಿ, ನಿಂತವರು ಗೋಡೆಗೆ ಒರಗಿಕೊಳ್ರಿ. ಇದು ಫಕೀರವ್ವನ ಮಗ ಯಮನೂರನ ಕತೆ. ಅವಸರ ಮಾಡಿದರೆ ಈ ಕತೆ ಕೆಡುತ್ತದೆ, ಅವಸರ ಮಾಡಿದ್ದಕ್ಕೇ ಆ ತಾಯಿಯ ಅರ್ಧ ಆಯುಷ್ಯ ಬೈಗುಳದಲ್ಲಿ ಹೋಯಿತು.

ತುಂಗಭದ್ರೆಯ ದಂಡೆಗೆ ಹತ್ತಿರದ ಒಂದು ಊರು. ಆ ಊರಿನ ದೊಡ್ಡ ಆಸ್ಪತ್ರೆಯ ಅಡಿಗೆಮನೆಯಲ್ಲಿ ಫಕೀರವ್ವ ರೋಗಿಗಳಿಗೆ ಗಂಜಿ ಕಾಯಿಸುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇದ್ದವನು ಒಬ್ಬನೇ ಮಗ. ನೋಡಿದರೆ ಬಾಗಿಲ ಚೌಕಟ್ಟಿನಷ್ಟು ಎತ್ತರ. ವಯಸ್ಸು ಇಪ್ಪತ್ತೆಂಟು. ಕಲಿತದ್ದು ಏಳನೇ ಇಯತ್ತೆ, ಆದರೆ ಅಕ್ಷರ ದುಂಡಗೆ ಬರೆಯುತ್ತಿದ್ದ. ಸುಳ್ಳು ಗೊತ್ತಿಲ್ಲ, ಮೈಗಳ್ಳತನ ಗೊತ್ತಿಲ್ಲ. ಇದ್ದದ್ದು ಒಂದೇ ಕೊರತೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ.

ಒಂದು ದಿನ ಫಕೀರವ್ವ ಸಂತೆಗೆ ಹೊರಟಳು. ಪಕ್ಕದ ಮನೆಯವಳಿಗೆ ಜರಡಿ ಕೇಳಲು ಬಂದು ತಾಸುಗಟ್ಟಲೆ ಕೂಡುವ ಚಟ. ಹಾಗಾಗಿ ಮಗನಿಗೆ ಹೇಳಿದಳು, ಬಾಗಿಲು ಹಾಕಿಕೋ, ಯಾರು ಬಂದರೂ ಅವ್ವ ಹೊರಗೆ ಹೋಗಿದ್ದಾಳೆ, ಈಗ ಒಳಗೆ ಬರಬೇಡಿ ಅಂತ ಹೇಳು. ಯಮನೂರ ತಲೆ ಆಡಿಸಿದ. ಪಕ್ಕದವಳು ಬಂದಳು, ಹೇಳಿದ, ಹೋದಳು. ಹಾಲಿನವನು ಬಂದ, ಹೇಳಿದ, ಹೋದ. ಮಧ್ಯಾಹ್ನ ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಫಕೀರವ್ವ ಬಂದಳು, ಬಾಗಿಲು ಬಡಿದಳು.

"ಅವ್ವ ಹೊರಗ ಹೋಗ್ಯಾಳ್ರಿ. ಈಗ ಒಳಗ ಬರಬ್ಯಾಡ್ರಿ."

"ನಾನ ನಿಮ್ಮವ್ವನೋ ತಮ್ಮಾ."

"ಹೌದ್ರಿ," ಅಂದ ಯಮನೂರ ಒಳಗಿನಿಂದ, "ಆಕೀನ ಹೊರಗ ಹೋಗ್ಯಾಳ."

ಮಾತೇನೋ ಖರೇನೇ. ಆಕೆ ಹೊರಗೇ ಇದ್ದಳು. ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತು ಕೂತು, ಕೊತ್ತಂಬರಿ ಬಾಡಿ, ಕೊನೆಗೆ ಆ ಜರಡಿಯವಳೇ ಹಿತ್ತಿಲ ಕಡೆಯಿಂದ ಹತ್ತಿ ಹೋಗಿ ಚಿಲಕ ತೆಗೆಯಬೇಕಾಯಿತು. ಫಕೀರವ್ವ ಬಾಯಿಗೆ ಬಂದದ್ದೆಲ್ಲ ಬೈದಳು. ಬೈದು ಮುಗಿದ ಮೇಲೆ ಬುದ್ಧಿ ಹೇಳಿದಳು. ಮುಖ ನೋಡು, ಗುರುತಿನ ಮುಖ ಇದ್ದರೆ ಒಳಗೆ ಬಿಡು, ಗುರುತಿಲ್ಲದ ಮುಖ ಇದ್ದರೆ ಹೊರಗೆ ನಿಲ್ಲಿಸು. ಯಮನೂರ ಅದನ್ನು ಎರಡು ಸಲ ಬಾಯಲ್ಲಿ ಅಂದುಕೊಂಡ. ಹಾಗೆ ಅಂದುಕೊಂಡನೆಂದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ.

ಆ ಆಸ್ಪತ್ರೆಯ ದೊಡ್ಡ ಡಾಕ್ಟರು ಶಾಂತಾಬಾಯಿ. ಮಾತು ಕಡಿಮೆ, ಕೈಗುಣ ಒಳ್ಳೆಯದು. ಫಕೀರವ್ವ ಆಕೆಯ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಕೇಳಿಕೊಂಡು ಮಗನಿಗೆ ಗೇಟಿನ ಕೆಲಸ ಕೊಡಿಸಿದಳು. ಮೊದಲ ದಿನ ಬೆಳಿಗ್ಗೆ ಯಮನೂರ ಖಾಕಿ ಅಂಗಿ ಹಾಕಿ ಗೇಟಿನಲ್ಲಿ ನಿಂತ. ಅವ್ವನ ಮಾತು ತಲೆಯಲ್ಲಿತ್ತು.

ಅವರ ಓಣಿಯ ಎಮ್ಮೆಯೊಂದು ಬಂತು. ಗುರುತಿನ ಮುಖ. ಒಳಗೆ ಬಿಟ್ಟ. ಆಸ್ಪತ್ರೆಯಲ್ಲೇ ಎರಡು ಸಲ ಸೈಕಲ್ಲು ಕದ್ದು ಸಿಕ್ಕಿಬಿದ್ದಿದ್ದ ಮನುಷ್ಯ ಬಂದ. ಅವನ ಮುಖ ಊರಿಗೆಲ್ಲ ಗುರುತು. ಬರ್ರಿ ಅಂತ ಕೈ ಮುಗಿದು ಒಳಗೆ ಬಿಟ್ಟ. ಆಮೇಲೆ ಹುಬ್ಬಳ್ಳಿಯಿಂದ ಒಬ್ಬ ಸರ್ಜನ್ನರು ಬಂದರು, ಆವತ್ತು ಅವರದೊಂದು ಆಪರೇಶನ್ ಇತ್ತು, ಆ ಊರಿಗೆ ಅವರು ಬಂದದ್ದೇ ಮೊದಲ ಸಲ. ಯಮನೂರ ಗೇಟಿಗೆ ಅಡ್ಡ ನಿಂತ. ಅವರು ಚೀಟಿ ತೋರಿಸಿದರು. ಚೀಟಿಗೆ ಮುಖವಿಲ್ಲ ಅಂದ. ಅವರ ಹಿಂದೆ ಹಳ್ಳಿಗಳಿಂದ ಬಂದ ರೋಗಿಗಳ ಸಾಲು ರಸ್ತೆಯ ತನಕ ಬೆಳೆಯಿತು. ರೋಗ ಇದೆ ಅಂತ ಅವರು ಗೋಗರೆದರು. ರೋಗ ಇರಬಹುದು, ಗುರುತು ಎಲ್ಲಿದೆ ಅಂತ ಇವನು ಕೇಳಿದ. ಒಳಗೆ ಎಮ್ಮೆ ಹೊರರೋಗಿಗಳ ಸಾಲಿನಲ್ಲಿ ಒಂದೇ ನಿಂತಿತ್ತು.

ಶಾಂತಾಬಾಯಿ ಡಾಕ್ಟರು ಓಡಿ ಬಂದು ಸರ್ಜನ್ನರನ್ನು ಕರೆದುಕೊಂಡು ಹೋದರು. ಆಪರೇಶನ್ ಮುಗಿಸಿ ಬಂದು ಯಮನೂರನನ್ನು ನಿಲ್ಲಿಸಿಕೊಂಡು, ಮುಖದ ಉಸಾಬರಿ ನಿನಗೆ ಬೇಡ, ಯಾರನ್ನೂ ತಡೆಯಬೇಡ, ಒಳಗೆ ಬಂದವರು ಯಾರು, ಹೊರಗೆ ಹೋದವರು ಯಾರು, ಅಷ್ಟು ಬರೆಯುತ್ತ ಕೂಡು ಅಂತ ಒಂದು ದಪ್ಪ ಪುಸ್ತಕ ಕೊಟ್ಟರು. ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಫಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಹೀಗೆ ಯಮನೂರ ಬರೆಯತೊಡಗಿದ. ಬರೆದ ಅಂದರೆ ಹೇಗೆ ಬರೆದ. ಒಳಗೆ, ಹೊರಗೆ, ಒಳಗೆ, ಹೊರಗೆ. ಕಾಗೆ ಒಂದು, ಒಳಗೆ. ಅದೇ ಕಾಗೆ, ಹೊರಗೆ. ಎರಡನೇ ದಿನ ಬಸಾಪುರದ ಪಾರ್ವತೆವ್ವ ಗೇಟಿನ ಗೆರೆಯ ಮೇಲೆ ನಿಂತು ಮಗಳ ಜೊತೆ ಮಾತಿಗೆ ಬಿದ್ದಳು. ಯಮನೂರ ಪೆನ್ನು ಎತ್ತಿಕೊಂಡು ಕಾದ, ಕಾದ. ಕೊನೆಗೆ ಹೀಗೆ ಬರೆದ: ಪಾರ್ವತೆವ್ವ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಹನ್ನೆರಡು ನಿಮಿಷ.

ಈ ಪುಸ್ತಕ ಇನಾಮದಾರ ಸಾಹೇಬರ ಕೈಗೆ ಬಿತ್ತು. ಆಸ್ಪತ್ರೆಯ ಕಂಪ್ಯೂಟರುಗಳ ಉಸ್ತುವಾರಿ ಅವರದು. ಹದಿನಾರು ವರ್ಷದ ಅನುಭವ, ಮೂಗಿನ ತುದಿಗೆ ಕನ್ನಡಕ, ಚಹ ಆರುವ ತನಕ ಕುಡಿಯದ ಮನುಷ್ಯ. ಅವರು ಪುಸ್ತಕ ತಿರುವಿ ಹಾಕಿ ಮೊದಲು ನಕ್ಕರು. ಪಾರ್ವತೆವ್ವನ ಹತ್ತಿರ ಬಂದಾಗ ನಗು ನಿಲ್ಲಿಸಿದರು. ಮತ್ತೊಂದು ಸಲ ಓದಿದರು. ಆಮೇಲೆ ಶಾಂತಾಬಾಯಿ ಡಾಕ್ಟರ ಹತ್ತಿರ ಹೋಗಿ, ಈ ಮನುಷ್ಯ ನನಗೆ ಬೇಕು ಅಂದರು. ಡಾಕ್ಟರಿಗೆ ಬೇಡ ಅನ್ನಲು ಕಾರಣವಿರಲಿಲ್ಲ.

ಅದೇ ವಾರ ಆಸ್ಪತ್ರೆಗೆ ಒಂದು ಹೊಸ ಪೆಟ್ಟಿಗೆ ಬಂದಿತ್ತು. ಕಪ್ಪು ಬಣ್ಣ, ರೊಟ್ಟಿ ಡಬ್ಬಿಯ ಎತ್ತರ, ಮುಂದೆ ಮಿಣಿಮಿಣಿ ದೀಪಗಳು. ಆಸ್ಪತ್ರೆಯ ವಾಯರುಗಳಲ್ಲಿ ಹರಿದಾಡುವ ಸುದ್ದಿಯೆಲ್ಲ ಅದರ ಮೂಲಕವೇ ಹೋಗಬೇಕು. ಯಾವುದು ಒಳಗಿನಿಂದ ಹೊರಗೆ ಹೊರಟಿದೆ, ಯಾವುದು ಹೊರಗಿನಿಂದ ಒಳಗೆ ಬರುತ್ತಿದೆ, ಅದು ನೋಡಬೇಕು. ಕರೆಯದೆ ಬಂದ ಹೊರಗಿನದನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಚಹ ಕೊಡಲು ಬಂದ ಫಕೀರವ್ವನಿಗೂ ಕೇಳಿಸುವ ಹಾಗೆ ಇನಾಮದಾರರು ಯಮನೂರನಿಗೆ ತಿಳಿಸಿ ಹೇಳಿದರು. ಈ ಪೆಟ್ಟಿಗೆಗೆ ತನ್ನ ತಿಳುವಳಿಕೆ ಅಂತ ಏನೂ ಇಲ್ಲ. ಒಳಗು ಯಾವುದು ಅಂತ ನಾವು ಹೇಳಿಕೊಡಬೇಕು. ಹೇಳಿಕೊಟ್ಟದ್ದು ಒಳಗು, ಉಳಿದ ಜಗತ್ತೆಲ್ಲ ಹೊರಗು. ಪ್ರತಿಯೊಂದು ಮಷೀನಿಗೂ ಒಂದು ವಿಳಾಸ ಇದೆ, ನಾಲ್ಕು ಅಂಕಿ, ನಡುವೆ ಚುಕ್ಕಿ, ಮಷೀನಿನ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಮೊದಲ ಮೂರು ಅಂಕಿ ಓಣಿ ಇದ್ದ ಹಾಗೆ, ಕೊನೆಯದು ಮನೆ ನಂಬರು. ಮನೆ ಮನೆ ಹೇಳಬೇಕಾಗಿಲ್ಲ, ನಮ್ಮ ಓಣಿಗಳು ಯಾವುವು ಅಂತ ಹೇಳಿದರೆ ಸಾಕು, ಆ ಓಣಿಯವರನ್ನೆಲ್ಲ ಅದು ನಮ್ಮವರು ಅಂತ ತಿಳಿಯುತ್ತದೆ.

ಫಕೀರವ್ವ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು. "ಹಂಗಾರ ಇದೂ ನನ್ನ ಮಗನಂಗ ಐತಿ ನೋಡ್ರಿ ಸಾಹೇಬ್ರ," ಅಂದಳು. ಇನಾಮದಾರರು ಆಕೆಯ ಮುಖ ನೋಡಿದರು, ಪೆಟ್ಟಿಗೆ ನೋಡಿದರು.

ನಮ್ಮ ಆಸ್ಪತ್ರೆ ಒಳಗೆ ಎಷ್ಟು ಓಣಿ ಇವೆಯೋ ನೋಡಿ ಬರೆದುಕೊಂಡು ಬಾ ಅಂತ ಯಮನೂರನನ್ನು ಕಳಿಸಿದರು. ಆಸ್ಪತ್ರೆ ಒಳಗೆ ಅಂದರೆ ಎಲ್ಲಿಯ ತನಕ ಅಂತ ಇವನು ಕೇಳಿದ. ಅವರಿಗೆ ಫೋನು ಬಂದಿತ್ತು. ಕಂಪೌಂಡಿನ ಒಳಗೆ ಅಂತ ಕೈ ಸನ್ನೆ ಮಾಡಿ ಫೋನಿಗೆ ತಿರುಗಿದರು.

ಯಮನೂರ ಕಂಪೌಂಡು ಸುತ್ತಿದ. ಒಂದು ಕೋಣೆ ಬಿಡಲಿಲ್ಲ. ಗೋಡೆಗೆ ಹತ್ತಿ ಒಂದು ಔಷಧಿ ಅಂಗಡಿ ಇತ್ತು, ಬಾಡಿಗೆಗೆ ಕೊಟ್ಟದ್ದು. ಅಂಗಡಿಯವನ ಕಂಪ್ಯೂಟರು ಅವನದೇ, ಆಸ್ಪತ್ರೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಂಪೌಂಡಿನ ಒಳಗಿದೆಯಲ್ಲ, ಬರೆದುಕೊಂಡ. ರಸ್ತೆಯ ಆಚೆ ರಕ್ತನಿಧಿ ಇತ್ತು, ಆಸ್ಪತ್ರೆಯದೇ, ಅಲ್ಲಿ ಕೂತವರು ಆಸ್ಪತ್ರೆಯ ಮಂದಿಯೇ. ಆದರೆ ಕಂಪೌಂಡಿನ ಹೊರಗಿದೆಯಲ್ಲ, ಬಿಟ್ಟ. ದುಂಡನೆಯ ಅಕ್ಷರದ ಪಟ್ಟಿಯನ್ನು ಇನಾಮದಾರರು ಮೆಚ್ಚಿಕೊಂಡು ಹಾಗೇ ಪೆಟ್ಟಿಗೆಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಹೊರಗಿನವರು ಬಾಗಿಲು ಬಡಿಯುತ್ತಿದ್ದಾರೆ, ನಿಲ್ಲಿಸಿದ್ದೇನೆ ಅಂತ ಮೇಲಿಂದ ಮೇಲೆ ತೋರಿಸತೊಡಗಿತು. ಇನಾಮದಾರರಿಗೆ ಖುಷಿಯೋ ಖುಷಿ. ಇಷ್ಟು ಮಂದಿ ಕಳ್ಳರು ದಿನಾ ಬರುತ್ತಿದ್ದರು ನೋಡು, ನಮಗೆ ಗೊತ್ತೇ ಇರಲಿಲ್ಲ ಅಂದರು. ಅಷ್ಟರಲ್ಲಿ ಆಪರೇಶನ್ ಕೋಣೆಯಿಂದ ನರ್ಸು ಓಡಿ ಬಂದಳು. ರಕ್ತ ಬೇಕು ಅಂತ ಬೆಳಿಗ್ಗೆಯೇ ಕಂಪ್ಯೂಟರಿನಲ್ಲಿ ಕೇಳಿದ್ದಾರೆ, ರಕ್ತನಿಧಿಯಿಂದ ಉತ್ತರವೇ ಇಲ್ಲ. ರಕ್ತನಿಧಿಯವರು ಆಮೇಲೆ ತಾವಾಗಿ ಕಳಿಸಿದ ಉತ್ತರವನ್ನೆಲ್ಲ ಪೆಟ್ಟಿಗೆ ಕರೆಯದೆ ಬಂದದ್ದು ಅಂತ ಬಾಗಿಲಲ್ಲಿ ನಿಲ್ಲಿಸಿತ್ತು. ಇನಾಮದಾರರು ಚಪ್ಪಲಿ ಸಹ ಹಾಕಿಕೊಳ್ಳದೆ ಚೀಟಿ ಹಿಡಿದು ರಸ್ತೆ ದಾಟಿ ಓಡಿದರು, ರಕ್ತದ ಚೀಲ ತಂದರು, ಆಪರೇಶನ್ ಆಯಿತು, ಯಾರಿಗೂ ಏನೂ ಆಗಲಿಲ್ಲ. ಏದುಸಿರು ಬಿಡುತ್ತ ಬಂದು ಪಟ್ಟಿ ನೋಡಿದರು. ಔಷಧಿ ಅಂಗಡಿಯ ಓಣಿ ಒಳಗಿದೆ, ರಕ್ತನಿಧಿಯ ಓಣಿ ಇಲ್ಲ.

ಅವರು ಬೈಯುವ ಜನ ಅಲ್ಲ, ಆದರೆ ಆವತ್ತು ಬೈದರು. ಅಂಗಡಿ ತೆಗೆದರು, ರಕ್ತನಿಧಿ ಸೇರಿಸಿದರು. ಆಮೇಲೆ ತಣ್ಣಗಾಗಿ ಯಮನೂರನನ್ನು ಕೂಡಿಸಿಕೊಂಡು ಹೇಳಿದರು.

"ಗ್ವಾಡಿ ನೋಡಬ್ಯಾಡ ತಮ್ಮಾ. ಪೆಟ್ಟಿಗೆಗೆ ಗ್ವಾಡಿ ಕಾಣಂಗಿಲ್ಲ. ವಾಯರ್ ನೋಡು. ನಮ್ಮ ವಾಯರು ಎಲ್ಲಿತನಕ ಹೋಗತೈತೋ ಅಲ್ಲಿತನಕ ನಮ್ಮದು. ಕೊನಿ ಸಿಗೂತನಕ ಬಿಡಬ್ಯಾಡ."

ವಾಯರ್ ನೋಡು, ಕೊನಿ ಸಿಗೂತನಕ ಬಿಡಬ್ಯಾಡ. ಯಮನೂರ ಎರಡು ಸಲ ಬಾಯಲ್ಲಿ ಅಂದುಕೊಂಡ.

ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಅವನು ಪೆಟ್ಟಿಗೆಯ ಹಿಂದೆ ಕೂತು ಮೊದಲನೇ ವಾಯರಿಗೆ ಕೈ ಹಚ್ಚಿದ. ಹಚ್ಚಿದ ಕೈ ಬಿಡಲಿಲ್ಲ. ವಾಯರು ಮಂಚದ ಕೆಳಗೆ ಹೋದರೆ ಇವನೂ ಮಂಚದ ಕೆಳಗೆ ಹೋದ, ಮೇಲೆ ಮಲಗಿದ್ದ ರೋಗಿ ಕಾಲು ಮುದುರಿಕೊಂಡ. ವಾಯರು ಗೋಡೆಯ ತೂತಿನಲ್ಲಿ ನುಗ್ಗಿದರೆ ಇವನು ಸುತ್ತು ಹಾಕಿ ಆಚೆ ಬದಿಗೆ ಹೋಗಿ ಅದು ಬರುವುದನ್ನು ಎದುರುಗೊಂಡ. ಹತ್ತು ಗಂಟೆಯ ಹೊತ್ತಿಗೆ ಎಂಟು ವಾಯರುಗಳ ಕೊನೆ ಸಿಕ್ಕಿತ್ತು, ಎಂಟನ್ನೂ ಬರೆದುಕೊಂಡಿದ್ದ. ಎಂಟೂ ಪಟ್ಟಿಯಲ್ಲಿದ್ದವು. ಒಂಬತ್ತನೆಯದು ಕಪ್ಪನೆಯ ಹಳೇ ವಾಯರು. ಅದು ಕಿಟಕಿಯಿಂದ ಹೊರಗೆ ಹೋಯಿತು, ಮಾಳಿಗೆ ಹತ್ತಿತು, ಮಾಳಿಗೆಯಿಂದ ರಸ್ತೆಯ ಕಂಬಕ್ಕೆ ಹಾರಿತು.

ಅಡಿಗೆಮನೆಯಿಂದ ಫಕೀರವ್ವ ನೋಡಿದ್ದು ಇಷ್ಟೇ. ಮಗ ಗೇಟು ದಾಟಿದ, ಕುತ್ತಿಗೆ ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತ ನಡೆದ, ಎದುರಿಗೆ ಬಂದ ಸೈಕಲ್ಲಿನವನು ತಾನೇ ಬದಿಗೆ ಸರಿದ. ಕೂಗಿದಳು. ಅವನು ತಿರುಗಲಿಲ್ಲ. ಒಲೆಯ ಮೇಲೆ ಗಂಜಿ ಇತ್ತು, ಬಿಟ್ಟು ಓಡುವ ಹಾಗಿರಲಿಲ್ಲ.

ಹನ್ನೆರಡಾಯಿತು, ಊಟಕ್ಕೆ ಬರಲಿಲ್ಲ. ಒಂದಾಯಿತು, ಎರಡಾಯಿತು. ಹಾದಿಯಲ್ಲಿ ಬಂದವರು ಒಬ್ಬೊಬ್ಬರು ಒಂದೊಂದು ಸುದ್ದಿ ತಂದರು. ನಿನ್ನ ಮಗ ಹೊಳೆ ರಸ್ತೆಯ ಗಟಾರದಲ್ಲಿ ಬಿದ್ದ, ಎದ್ದ, ಮತ್ತೆ ಮೇಲೆ ನೋಡುತ್ತ ಹೋದ ಅಂತ ಒಬ್ಬ. ಜೋಳದ ಹೊಲದ ನಡುವೆ ತಲೆಯೊಂದೇ ಕಾಣುತ್ತಿತ್ತು ಅಂತ ಇನ್ನೊಬ್ಬ. ಸರಕಾರಿ ಶಾಲೆಯ ಮಾಸ್ತರರ ಹೆಂಡತಿ ಔಷಧಿಗೆ ಬಂದವಳು ಹೇಳಿದಳು, ವಾಯರು ಶಾಲೆಯ ಮಾಡಿನ ಮೇಲೆ ಹಾದು ಹೋಗಿದೆಯಂತೆ, ಇವನು ಮುಂದಿನ ಬಾಗಿಲಿನಿಂದ ತರಗತಿಯೊಳಗೆ ಹೋಗಿ, ಮಾಸ್ತರರಿಗೆ ನಮಸ್ಕಾರ ಮಾಡಿ, ಹಿಂದಿನ ಬಾಗಿಲಿನಿಂದ ಹೊರಗೆ ಬಂದನಂತೆ. ಮಗ್ಗಿ ಹೇಳುತ್ತಿದ್ದ ಮಕ್ಕಳು ಇವನಿಗೂ ನಮಸ್ಕಾರ ಹೇಳಿದರಂತೆ.

ಮೂರೂವರೆಗೆ ಫಕೀರವ್ವನಿಗೆ ತಡೆಯಲಾಗಲಿಲ್ಲ. ಇನಾಮದಾರರ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತಳು. ಇಪ್ಪತ್ತೆಂಟು ವರ್ಷ ಬೈದೇ ಸಾಕಿದ್ದೇನೆ, ಅವನಿಗೆ ಅರ್ಧ ಮಾತು ಹೇಳಿ ಕಳಿಸಬಾರದು ಅಂತ ನಿಮಗೆ ಗೊತ್ತಿರಲಿಲ್ಲವೇ ಅಂತ ಕೇಳಿದಳು. ಸಾಹೇಬರನ್ನು ಆಕೆ ಹೀಗೆ ಕೇಳಿದ್ದು ಅದೇ ಮೊದಲು. ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನು ಯಾವ ವಾಯರಿನ ಬೆನ್ನು ಹತ್ತಿದ್ದಾನೆ ಅಂತ ಅವರಿಗೆ ತಿಳಿಯಲಿಲ್ಲ. ಅವರು ಕೆಲಸಕ್ಕೆ ಸೇರುವ ಮೊದಲೇ ಯಾರೋ ಎಳೆದ ವಾಯರು ಅದು. ಎಳೆದವರು ರಿಟೈರ್ ಆಗಿ ಹೋಗಿದ್ದರು, ಅದರ ಕೊನೆ ಎಲ್ಲಿದೆ ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಆಗ ಫೋನು ಬಂತು. ಇನಾಮದಾರರು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟರು.

"ಸಾಹೇಬ್ರ, ವಾಯರಿನ ಕೊನಿ ಸಿಕ್ಕಿತ್ರಿ."

ಕೊನೆ ಸಿಕ್ಕಿದ್ದು ಹೊಳೆಗುಂಡಿಯಲ್ಲಿ. ಏಳು ಕಿಲೋಮೀಟರು ದೂರದ ಅಂಬಿಗರ ಹಳ್ಳಿ. ಅಲ್ಲಿ ಆಸ್ಪತ್ರೆಯದೇ ಒಂದು ಸಣ್ಣ ದವಾಖಾನೆ, ಎರಡು ಕೋಣೆ, ಒಬ್ಬಳೇ ಸಿಸ್ಟರು, ಹೆಸರು ಸುಗಂಧಾ. ಅಲ್ಲಿಗೆ ಡಾಕ್ಟರು ವಾರಕ್ಕೊಮ್ಮೆ ಬರುವುದು. ಉಳಿದ ದಿನ ಎದೆನೋವು ಅಂತ ಯಾರಾದರೂ ಬಂದರೆ ಸಿಸ್ಟರು ಇಸಿಜಿ ತೆಗೆದು, ಆ ಗೆರೆಯ ಚಿತ್ರವನ್ನು ವಾಯರಿನ ಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದಳು. ಇಲ್ಲಿಂದ ಡಾಕ್ಟರು ನೋಡಿ ಹೇಳುತ್ತಿದ್ದರು. ಪೆಟ್ಟಿಗೆ ಕೂಡಿಸಿದ ದಿನದಿಂದ ಸಿಸ್ಟರು ಕಳಿಸಿದ ಯಾವ ಗೆರೆಗೂ ಉತ್ತರ ಬಂದಿರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ, ಹೊಸ ಮಷೀನು ಕೂಡಿಸುತ್ತಿದ್ದಾರೆ, ಎರಡು ದಿನ ತಡೆಯಿರಿ ಅಂತ ಯಾರೋ ಹೇಳಿದ್ದರು.

ಯಮನೂರ ಕೆಸರು ಮೆತ್ತಿದ ಕಾಲಲ್ಲಿ ಅಲ್ಲಿಗೆ ಹೋದಾಗ ಹರಗೋಲು ನಡೆಸುವ ಜಕ್ಕಪ್ಪ ಅನ್ನುವವನು ಬೆಂಚಿನ ಮೇಲೆ ಎದೆ ಹಿಡಿದು ಬೆವರುತ್ತ ಕೂತಿದ್ದ. ಹೊಟ್ಟೆಯ ವಾಯು ಇರಬೇಕು, ಮನೆಗೆ ಹೋಗುತ್ತೇನೆ ಅಂತ ಅವನು ಅನ್ನುತ್ತಿದ್ದ. ಸುಗಂಧಾ ಸಿಸ್ಟರು ಅವನ ಗೆರೆಯನ್ನು ಮೂರು ಸಲ ಕಳಿಸಿ ಮೂರು ಸಲವೂ ಉತ್ತರವಿಲ್ಲದೆ ಏನು ಮಾಡಲಿ ಅಂತ ನಿಂತಿದ್ದಳು. ಇದನ್ನೆಲ್ಲ ಯಮನೂರ ಫೋನಿನಲ್ಲಿ, ಗೇಟಿನ ಪುಸ್ತಕ ಬರೆಯುವ ಹಾಗೆಯೇ, ಕಂಡದ್ದನ್ನು ಕಂಡಷ್ಟೇ ಹೇಳಿದ. ಒಬ್ಬ ಮನುಷ್ಯ, ಎದೆ ಹಿಡಿದಿದ್ದಾನೆ, ಅಂಗಿ ಪೂರ್ತಿ ಒದ್ದೆ, ತುಟಿ ಬೂದಿ ಬಣ್ಣ. ಮಷೀನಿನ ಮೇಲೆ ಚೀಟಿ ಇದೆ.

"ಓದು," ಅಂದರು ಇನಾಮದಾರರು. ಅವರ ದನಿ ಬದಲಾಗಿತ್ತು.

"ಹತ್ತು, ಚುಕ್ಕಿ, ಇಪ್ಪತ್ತು, ಚುಕ್ಕಿ, ನಲವತ್ತು, ಚುಕ್ಕಿ, ಐದು. ಅದರ ಮುಂದ ಚುಕ್ಕಿ ಇಲ್ರಿ. ಒಂದು ಇರುವಿ ಕುಂತೈತಿ."

ಇನಾಮದಾರರ ಬೆರಳುಗಳು ಓಡಿದವು. ಆ ನಲವತ್ತನೇ ಓಣಿ ಪಟ್ಟಿಯಲ್ಲಿ ಇರಲೇ ಇಲ್ಲ. ಎರಡು ದಿನದಿಂದ ಪೆಟ್ಟಿಗೆ ಹೊರಗಿನವರು, ಹೊರಗಿನವರು ಅಂತ ತೋರಿಸುತ್ತಿದ್ದದ್ದರಲ್ಲಿ ಅರ್ಧ ಆ ಸಿಸ್ಟರು ಕಳಿಸಿದ ಗೆರೆಗಳು. ತಾನು ಕಳ್ಳರು ಅಂತ ಖುಷಿಪಟ್ಟದ್ದು ಎದೆನೋವಿನವರನ್ನು. ಅವರ ಮುಖ ಕಪ್ಪಿಟ್ಟದ್ದನ್ನು ಫಕೀರವ್ವ ನೋಡಿದಳು, ಆದರೆ ಅವರ ಕೈ ನಿಲ್ಲಲಿಲ್ಲ. ಪಟ್ಟಿಗೆ ಇನ್ನೊಂದು ಓಣಿ ಸೇರಿತು. ಸಿಸ್ಟರಿಗೆ ಮತ್ತೊಮ್ಮೆ ಕಳಿಸಲು ಹೇಳು ಅಂದರು. ಒಂದು ಉಸಿರು, ಎರಡು ಉಸಿರು, ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತ ಬಂತು. ಶಾಂತಾಬಾಯಿ ಡಾಕ್ಟರು ಓಡಿ ಬಂದು ಬಗ್ಗಿ ನೋಡಿದರು. ಆಕೆ ಗೆರೆಯನ್ನು ಎರಡನೇ ಸಲ ನೋಡಲಿಲ್ಲ. ಸಿಸ್ಟರಿಗೆ ಯಾವ ಗುಳಿಗೆ ಕೊಡಬೇಕು, ಯಾವುದನ್ನು ನಾಲಗೆಯ ಕೆಳಗೆ ಇಡಬೇಕು ಹೇಳಿದರು, ಆ ಮನುಷ್ಯನನ್ನು ಒಂದು ಹೆಜ್ಜೆಯೂ ನಡೆಸಬೇಡ ಅಂದರು, ಅಂಬುಲೆನ್ಸು ಹೊರಡಿಸಿದರು.

ಫಕೀರವ್ವನಿಗೆ ಆ ಗೆರೆ ಅರ್ಥವಾಗಲಿಲ್ಲ. ಡಾಕ್ಟರ ಬೆನ್ನು ಅರ್ಥವಾಯಿತು. ಇಪ್ಪತ್ತು ವರ್ಷ ಆಕೆ ಆ ಬೆನ್ನನ್ನು ನೋಡಿದ್ದಳು, ಸಾವು ಹತ್ತಿರ ಇದ್ದಾಗ ಅದು ಹಾಗೆ ನೆಟ್ಟಗಾಗುತ್ತಿತ್ತು.

ಯಮನೂರ ಇನ್ನೂ ಫೋನಿನಲ್ಲಿದ್ದ. ಈಗ ನಾನು ಏನು ಮಾಡಲಿ ಅಂತ ಕೇಳಿದ. ಇನಾಮದಾರರು ಹಣೆ ಒರೆಸಿಕೊಳ್ಳುತ್ತಿದ್ದರು. ಹೇಗೆ ಹೋಗಿದ್ದೀಯೋ ಹಾಗೆ ಬಾ ತಮ್ಮಾ ಅಂದುಬಿಟ್ಟರು. ಫಕೀರವ್ವ ಬೇಡ, ಬೇಡ ಅಂತ ಕೈ ಮಾಡುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಐದು ಗಂಟೆಗೆ ಜಕ್ಕಪ್ಪನನ್ನು ಹೊತ್ತ ಅಂಬುಲೆನ್ಸು ಬಂತು. ಡ್ರೈವರು ಹೇಳಿದ, ಹಾದಿಯಲ್ಲಿ ನಿಮ್ಮ ಮಗ ಸಿಕ್ಕ, ಮುಂದಿನ ಸೀಟು ಖಾಲಿ ಇದೆ ಹತ್ತು ಅಂದೆ, ಹೋದಾಗ ಅಂಬುಲೆನ್ಸಿನಲ್ಲಿ ಹೋಗಿಲ್ಲ ಅಂದ. ಆರೂವರೆಗೆ ಯಮನೂರ ಬಂದ. ವಾಯರಿನ ಕೆಳಗೇ ಬಂದಿದ್ದ. ಶಾಲೆ ಬಿಟ್ಟು ಬೀಗ ಹಾಕಿತ್ತಂತೆ, ಮಾಸ್ತರರ ಮನೆಗೆ ಹೋಗಿ ಕೀಲಿ ತಂದು, ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ, ಮುಂದಿನ ಬಾಗಿಲಿನಿಂದ ಹೊರಗೆ ಬಂದು, ಬೀಗ ಹಾಕಿ, ಕೀಲಿ ಕೊಟ್ಟು ಬಂದಿದ್ದ. ಗಟಾರದ ಹತ್ತಿರ ಬಂದಾಗ ಒಂದು ಗಳಿಗೆ ನಿಂತು ನೋಡಿ, ಬಿದ್ದು, ಎದ್ದು ಬಂದಿದ್ದ.

ಜಕ್ಕಪ್ಪ ಬದುಕಿದ. ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಅಂತ ಶಾಂತಾಬಾಯಿ ಡಾಕ್ಟರು ಹೇಳಿದರು. ಹೇಳಿ, ವಾರ್ಡಿನಿಂದ ಇಳಿದು ಬಂದು, ಅಡಿಗೆಮನೆಯ ಹೊಸ್ತಿಲ ಹತ್ತಿರ ಕೆಸರಿನಲ್ಲಿ ನಿಂತಿದ್ದ ಯಮನೂರನಿಗೆ ಕೈ ಮುಗಿದರು. ಯಮನೂರ ಹಿಂದೆ ತಿರುಗಿ ನೋಡಿದ, ಯಾರಿಗೆ ಮುಗಿಯುತ್ತಿದ್ದಾರೆ ಅಂತ.

ಇನಾಮದಾರರು ಫಕೀರವ್ವನ ಹತ್ತಿರ ಬಂದರು. ನಾನು ಪೆಟ್ಟಿಗೆಗೆ ನನ್ನ ತಲೆಯಲ್ಲಿದ್ದದ್ದನ್ನು ಹೇಳಿಕೊಟ್ಟೆ, ತಲೆಯಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಅಂದುಕೊಂಡಿದ್ದೆ ಅಂದರು. ಮತ್ತೆ ಅಂದರು: "ಕೊನಿ ಸಿಗೂತನಕ ಬಿಡಬ್ಯಾಡ ಅಂತ ನಾ ಎಷ್ಟೋ ಮಂದಿಗೆ ಹೇಳೇನಿ ಫಕೀರವ್ವ. ನಿನ್ನ ಮಗ ಒಬ್ಬನ ನೋಡು, ಬಿಡದ ಹೋದಾಂವ."

ಫಕೀರವ್ವನಿಗೆ ಅಭ್ಯಾಸ ಬಲದಿಂದ ಒಂದು ಬೈಗುಳ ಬಾಯಿಗೆ ಬಂತು, ಅದನ್ನು ನುಂಗಿದಳು. ಬಿಸಿನೀರು ಕಾಯಿಸಿ, ಮಗನನ್ನು ಕಲ್ಲಿನ ಮೇಲೆ ಕೂಡಿಸಿ, ಮೊಣಕಾಲಿನ ತನಕ ಮೆತ್ತಿದ ಕೆಸರನ್ನು ತಾನೇ ತೊಳೆದಳು. ಎಷ್ಟು ದೂರ ನಡೆದಿವೆ ಈ ಕಾಲು ಅಂತ ಹಿಡಿದುಕೊಂಡು ನೋಡಿದಳು. ಹೆಬ್ಬೆರಳು ಒಡೆದಿತ್ತು. ನೋಯುತ್ತದೇನು ಅಂತ ಕೇಳಿದಳು. ಹೋಗುವಾಗ ನೋಯಲಿಲ್ಲ, ಬರುವಾಗ ನೋಯಿತು ಅಂತ ಅವನು ಲೆಕ್ಕ ತಪ್ಪದೆ ಹೇಳಿದ. ಆವತ್ತು ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿ ಸಾಕು ಅನ್ನಲಿ ಅಂತ ಬಡಿಸುತ್ತಲೇ ಹೋದಳು. ಸಾಕು ಅಂತ ಅವನು ಅನ್ನಬೇಕು ಅಂತ ಯಾರೂ ಹೇಳಿರಲಿಲ್ಲವಾದ್ದರಿಂದ ಬುಟ್ಟಿ ಖಾಲಿಯಾಗುವ ತನಕ ಹನ್ನೊಂದು ರೊಟ್ಟಿ ತಿಂದ.

ಆಮೇಲೆ ಯಮನೂರನ ಮಾತಿಗೆ ಆಸ್ಪತ್ರೆಯಲ್ಲಿ ಬೆಲೆ ಬಂತು. ಪೆಟ್ಟಿಗೆಯ ಪಟ್ಟಿ ಅವನ ಕೈಗೆ ಹೋಯಿತು. ಅವನು ಹೂಂ ಅಂದರೆ ಒಳಗು, ಊಹೂಂ ಅಂದರೆ ಹೊರಗು. ಜಿಲ್ಲೆಯ ಬೇರೆ ಆಸ್ಪತ್ರೆಗಳವರು ಬಂದು, ನಿಮ್ಮಲ್ಲಿ ಒಳಗು ಹೊರಗು ಇಷ್ಟು ಸರಿಯಾಗಿ ಹೇಗೆ ಅಂತ ಕೇಳಿದರೆ, ಇನಾಮದಾರರು ಯಮನೂರನನ್ನು ಕರೆದು ತೋರಿಸುತ್ತಿದ್ದರು. ಪಟ್ಟಿಯಲ್ಲಿ ಮೂರು ಕಾಲಂ ಇದ್ದವು. ಬಂದದ್ದು ಏನು, ಅದರ ನಂಬರೇನು, ಮತ್ತೆ ಅದರ ಸುದ್ದಿ ಯಾವ ಕಡೆ ಹರಿಯುತ್ತದೆ ಅಂತ ಒಂದು ಬಾಣದ ಗುರುತು. ಇನಾಮದಾರರು ಒಂದೇ ಮಾತು ಹೇಳಿಟ್ಟಿದ್ದರು, ಇನ್ನು ಮುಂದೆ ಆಸ್ಪತ್ರೆಗೆ ಹೊಸದಾಗಿ ಏನೇ ಬರಲಿ, ಬಂದ ದಿನವೇ ಅದಕ್ಕೊಂದು ನಂಬರು ಕೊಟ್ಟು ಪಟ್ಟಿಗೆ ಸೇರಿಸು, ಸಣ್ಣದು ದೊಡ್ಡದು ನೋಡಬೇಡ.

ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಹೊಸ ಪ್ರಿಂಟರು ಬಂತು, ಸೇರಿಸಿದ. ಹೊಸ ಎಕ್ಸ್‌ರೇ ಮಷೀನು ಬಂತು, ಸೇರಿಸಿದ. ಆಮೇಲೆ ಮೇಲಂತಸ್ತಿನಲ್ಲಿ ಒಂದು ಹೊಸ ವಾರ್ಡು ತೆರೆಯಿತು. ಒಂದು ಸೋಮವಾರ ಇನಾಮದಾರರು ಪೆಟ್ಟಿಗೆಯ ಮುಂದೆ ಕೂತು ಹುಬ್ಬು ಗಂಟಿಕ್ಕಿದರು. ಒಂಬತ್ತು ಹೊಸ ನಂಬರು ಪಟ್ಟಿಯಲ್ಲಿವೆ. ಒಂದಕ್ಕೂ ಜೀವವಿಲ್ಲ. ಒಂದೊಂದನ್ನೂ ಕೂಗಿ ನೋಡಿದರು, ಒಂದೂ ಉತ್ತರ ಕೊಡಲಿಲ್ಲ. ಒಂಬತ್ತು ಮಷೀನು ಒಮ್ಮೆಲೇ ಕೆಟ್ಟಿವೆಯೇ ಅಂತ ಗಾಬರಿಯಾಗಿ ಯಮನೂರನ ಪಟ್ಟಿ ತೆಗೆದರು. ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಹೊಸದು, ಎರಡೂವರೆ ಕಿಲೋ. ಹೊಸದು, ಮೂರು ಕಿಲೋ, ಭಾಳ ಸಪ್ಪಳ ಮಾಡುತ್ತದೆ. ಹೊಸವು, ಜೋಡಿ, ಒಂದೇ ನಮೂನೆ ಇವೆ. ಬಾಣದ ಕಾಲಂ ಮಾತ್ರ ಒಂಬತ್ತಕ್ಕೂ ಖಾಲಿ.

ಕಿಲೋ ಲೆಕ್ಕ ನೋಡಿ ಬ್ಯಾಟರಿಗಳಿರಬೇಕು ಅಂದುಕೊಂಡು ಇನಾಮದಾರರು ಯಮನೂರನನ್ನು ಕರೆದು, ಇವು ಎಲ್ಲಿವೆ ತೋರಿಸು ಅಂದರು. ಅವನು ಮೆಟ್ಟಿಲು ಹತ್ತಿಸಿಕೊಂಡು ಕರೆದುಕೊಂಡು ಹೋದದ್ದು ಆ ಹೊಸ ಹೆರಿಗೆ ವಾರ್ಡಿಗೆ. ಫಕೀರವ್ವ ಬಾಣಂತಿಯರಿಗೆ ಗಂಜಿ ಹಂಚುತ್ತಿದ್ದಳು. ಸಾಲು ತೊಟ್ಟಿಲುಗಳು. ಒಂದೊಂದು ಕೂಸಿನ ಕಾಲಿಗೂ ದಾರದಲ್ಲಿ ಒಂದೊಂದು ಚೀಟಿ, ಚೀಟಿಯ ಮೇಲೆ ನಾಲ್ಕು ಅಂಕಿ, ನಡುವೆ ಚುಕ್ಕಿ. ಬಾಣಂತಿಯರು ಅದನ್ನು ಆಸ್ಪತ್ರೆಯ ಕಾನೂನು ಅಂದುಕೊಂಡು ಜೋಪಾನ ಮಾಡಿದ್ದರು. ಒಬ್ಬಾಕೆ ಆ ಅಂಕಿಯನ್ನು ತವರಿಗೆ ಬರೆದು ಕಳಿಸಿದ್ದಳು, ಜಾತಕಕ್ಕೆ ಬೇಕಾದೀತು ಅಂತ.

ಇನಾಮದಾರರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ಮೊದಲನೇ ಚೀಟಿ ಓದಿದರು. ಫಕೀರವ್ವ ಗಂಜಿಯ ಸೌಟು ಕೆಳಗಿಟ್ಟಳು.

"ಇವು ಇನ್ನೂ ಉತ್ತರಾ ಕೊಡಂಗಿಲ್ರಿ ಸಾಹೇಬ್ರ," ಅಂದ ಯಮನೂರ ಮೆಲ್ಲಗೆ, ಮಲಗಿದ್ದವು ಏಳದ ಹಾಗೆ. "ವರ್ಷಾ ಬೇಕಂತ. ಆದ್ರ ನಮ್ಮವ ಅದಾವು. ಒಂದ ತಿಳೀವಲ್ದು ನನಗ. ಒಳಗಿಂದ ಹೊರಗ ಬಂದಾವು, ಹೊರಗ ಬಂದು ಒಳಗ ಅದಾವು. ಬಾಣ ಯಾವ ಕಡೆ ಹಾಕಲ್ರಿ?"